ನೆಲದ ಡಾಕ್ಟರು

ನನ್ನ ಸೋದರಮಾವ ಒಂದು ಸಣ್ಣ ಖಾಸಗಿ ವಿಮಾನ ಮೈದಾನದಲ್ಲಿ ಮೂವತ್ತೊಂದು ವರ್ಷ ದುಡಿದ. ಆದರೆ ಒಂದು ದಿನವೂ ವಿಮಾನ ಹತ್ತಲಿಲ್ಲ. ಬಾ ಎಂದು ಕರೆದವರಿಗೇನೂ ಕಡಿಮೆಯಿರಲಿಲ್ಲ. "ನಾನೂ ಮೇಲೆ ಹೋದ್ರೆ ಕೆಳಗಡೆ ಯಾರು ನೋಡ್ಕೊಳ್ಳೋದು?" ಎಂದು ಕೇಳಿ ಅವರ ಬಾಯಿ ಮುಚ್ಚಿಸುತ್ತಿದ್ದ. "ಅದೆಲ್ಲ ನೆಪ. ಏಣಿ ಹತ್ತೋಕೇ ಇವರಿಗೆ ಕಾಲು ನಡುಗುತ್ತೆ" ಎಂದು ಅತ್ತೆ ನಗುತ್ತಿದ್ದಳು. ಮಾವ ತೀರಿಕೊಂಡು ವರ್ಷವಾಯಿತು. ಅವನ ಬಗ್ಗೆ ಯಾರೂ ಎಲ್ಲೂ ಬರೆಯುವುದಿಲ್ಲ, ಬರೆಸಿಕೊಳ್ಳುವಂಥ ದೊಡ್ಡ ಮನುಷ್ಯ ಅವನಲ್ಲ. ನಾನು ಬರೆಯುತ್ತಿರುವುದಕ್ಕೆ ಪ್ರೀತಿಯೊಂದೇ ಕಾರಣವೂ ಅಲ್ಲ. ಹೊಟ್ಟೆಯಲ್ಲಿ ಇಟ್ಟುಕೊಂಡ ಒಂದು ಮಾತು ನನ್ನನ್ನು ನೆಮ್ಮದಿಯಾಗಿರಲು ಬಿಡುತ್ತಿಲ್ಲ.

ದೊಡ್ಡ ವಿಮಾನ ನಿಲ್ದಾಣ ಕಂಡವರು ನಮ್ಮ ಮೈದಾನ ನೋಡಿದರೆ ಮೂಗು ಮುರಿಯುತ್ತಿದ್ದರು. ಆರುನೂರು ಮೀಟರ್ ಉದ್ದದ ಹುಲ್ಲಿನ ಪಟ್ಟಿ. ಒಂದು ತಗಡಿನ ಶೆಡ್ಡು, ಅದರೊಳಗೆ ಇಬ್ಬಿಬ್ಬರು ಕೂರುವ ಮೂರು ಪುಟ್ಟ ವಿಮಾನ. ಪೆಟ್ರೋಲಿನ ಡ್ರಮ್ಮುಗಳ ಸುತ್ತ ತಂತಿ ಬೇಲಿ. ಕಂಬದ ಮೇಲೆ ಗಾಳಿಯ ದಿಕ್ಕು ತೋರಿಸುವ ಕಿತ್ತಳೆ ಬಣ್ಣದ ಚೀಲ. ಬಿಸಿಲಿಗೆ ಅದು ಆರು ತಿಂಗಳಿಗೆ ಹರಿಯುತ್ತಿತ್ತು, ಅತ್ತೆ ಮನೆಯ ಹೊಲಿಗೆ ಮಿಷನ್ನಿನಲ್ಲಿ ಹೊಸದು ಹೊಲಿದುಕೊಡುತ್ತಿದ್ದಳು. "ನನ್ನ ಚೀಲ ನೋಡ್ಕೊಂಡೇ ಇವರೆಲ್ಲ ಹಾರೋದು" ಎಂದು ಅವಳಿಗೆ ಒಳಗೊಳಗೇ ಹೆಮ್ಮೆ. ಶೆಡ್ಡಿನ ಪಕ್ಕದ ಎರಡು ಕೋಣೆಯ ಆಫೀಸಿನಲ್ಲಿ ರೇಡಿಯೋ, ರಿಜಿಸ್ಟರು, ಟೀ ಕೆಟಲ್ ಮತ್ತು ನಾನು. ಇಪ್ಪತ್ತೆರಡನೇ ವಯಸ್ಸಿಗೆ ಮಾವ ಅಲ್ಲಿ ಕೆಲಸ ಕೊಡಿಸಿದ. ಮೈದಾನ ಮುಚ್ಚುವ ತನಕ ಅದೇ ಕುರ್ಚಿಯಲ್ಲಿ ಕೂತಿದ್ದೆ.

ಮೈದಾನ ಹುಟ್ಟಿದ್ದು ಯಜಮಾನರ ಹುಚ್ಚಿನಿಂದ. ಅವರದು ಇಟ್ಟಿಗೆ ಕಾರ್ಖಾನೆ. ನಡುವಯಸ್ಸು ದಾಟಿದ ಮೇಲೆ ವಿಮಾನ ಓಡಿಸುವ ಆಸೆ ತಲೆಗೇರಿ, ಎಲ್ಲಿಂದಲೋ ಒಂದು ಹಳೆಯ ವಿಮಾನ ತಂದರು. ಇಳಿಸಲು ಜಾಗ ಬೇಕಲ್ಲ. ಕಾರ್ಖಾನೆಯ ಹಿಂದಿದ್ದ ಜಮೀನನ್ನು ಸಮ ಮಾಡಿಸಲು ರಸ್ತೆ ರೋಲರ್ ಕರೆಸಿದರು. ಆ ರೋಲರಿನ ಡ್ರೈವರ್ ನಮ್ಮ ಮಾವ. ಎರಡು ತಿಂಗಳ ಕೆಲಸಕ್ಕೆಂದು ಬಂದವನು ಅಲ್ಲೇ ಬೇರುಬಿಟ್ಟ. ಜಮೀನಿನ ಮೇಲ್ತುದಿ ಗಟ್ಟಿ ನೆಲ. ಕೆಳತುದಿಯಲ್ಲಿ ಮಾತ್ರ ಇಟ್ಟಿಗೆಗೆಂದು ಜೇಡಿಮಣ್ಣು ತೆಗೆದ ದೊಡ್ಡ ಗುಂಡಿಯಿತ್ತು. ಅದಕ್ಕೆ ಮಣ್ಣು ತುಂಬಿಸಿ, ರೋಲರ್ ಓಡಿಸಿ, ಹುಲ್ಲು ಬೆಳೆಸಿದವನೂ ಮಾವನೇ. ಮಳೆ ಬಂದರೆ ಆ ನೂರೈವತ್ತು ಮೀಟರಿನಲ್ಲಿ ನೀರು ಒಳಗೇ ನಿಲ್ಲುತ್ತಿತ್ತು. ಒಂದು ಹೊತ್ತು ಬಿಸಿಲು ಬಿದ್ದರೆ ಮೇಲಿನ ಪದರ ಒಣಗಿ ಕಣ್ಣಿಗೆ ಚೆನ್ನಾಗಿಯೇ ಕಾಣುತ್ತಿತ್ತು, ಅಡಿಯಲ್ಲಿ ಮಾತ್ರ ಕೆಸರು.

ಕಣ್ಣನ್ನು ನಂಬಬಾರದು ಎಂದು ಮಾವ ಮೊದಲ ಮಳೆಗಾಲದಲ್ಲೇ ಕಲಿತ. ದಿನಾ ಬೆಳಿಗ್ಗೆ, ಮೊದಲ ವಿಮಾನ ಏಳುವ ಮುಂಚೆ, ಚಪ್ಪಲಿಯನ್ನು ಶೆಡ್ಡಿನ ಬಾಗಿಲಲ್ಲಿ ಬಿಟ್ಟು ಬರಿಗಾಲಲ್ಲಿ ಪಟ್ಟಿಯುದ್ದಕ್ಕೂ ನಡೆಯುತ್ತಿದ್ದ. ಹೋಗುವಾಗ ಎಡಗಡೆ, ಬರುವಾಗ ಬಲಗಡೆ. ಕಲ್ಲು ಕಂಡರೆ ಹೆಗಲ ಚೀಲಕ್ಕೆ ಹಾಕುವುದು, ಇಲಿ ಬಿಲ ಕಂಡರೆ ಮುಚ್ಚಿ ತುಳಿಯುವುದು. ಕೆಳತುದಿಗೆ ಬಂದಾಗ ಹೆಜ್ಜೆ ನಿಧಾನವಾಗುತ್ತಿತ್ತು. ಹಿಮ್ಮಡಿ ಊರಿ, ಸ್ವಲ್ಪ ಹೊತ್ತು ನಿಂತು, ಮುಂದಿನ ಹೆಜ್ಜೆ. "ಗಟ್ಟಿ ನೆಲ ಹಿಮ್ಮಡೀನ ವಾಪಸ್ ತಳ್ಳುತ್ತೆ ಕಣೇ. ಮೆತ್ತಗಿರೋ ನೆಲ ಸುಮ್ನೆ ಒಪ್ಕೊಂಡ್ಬಿಡುತ್ತೆ" ಎಂದು ನನಗೆ ಹೇಳಿಕೊಟ್ಟಿದ್ದ. ನಾನೂ ಒಂದೆರಡು ಸಲ ನಡೆದು ನೋಡಿದೆ. ನನ್ನ ಹಿಮ್ಮಡಿಗೆ ನೆಲ ಏನನ್ನೂ ಹೇಳಲಿಲ್ಲ, ಮುಳ್ಳು ಚುಚ್ಚಿದ್ದಷ್ಟೇ ಲಾಭ.

ಅವನ ಮಾತಿಗೆ ತೂಕ ಬಂದದ್ದು ಒಂದು ಜೀಪಿನಿಂದ. ಯಜಮಾನರ ಯಾರೋ ದೊಡ್ಡ ಸ್ನೇಹಿತರು ತಮ್ಮ ವಿಮಾನದಲ್ಲಿ ಬರುವವರಿದ್ದರು. ಕುರ್ಚಿ ಹಾಕಿ, ಹೂವಿನ ಕುಂಡ ಜೋಡಿಸಿ ಆಗಿತ್ತು. ಮಾವ ನಡೆದು ಬಂದು, "ಇವತ್ತು ಬೇಡ" ಎಂದ. ಯಜಮಾನರ ಮುಖ ಕೆಂಪಗಾಯಿತು. "ನೆಲ ಒಣಗಿ ಬಿರುಕು ಬಿಟ್ಟಿದೆ, ಕಣ್ಣು ಕಾಣಲ್ವಾ?" ಎಂದು ಗದರಿ, ತೋರಿಸಿಯೇ ಬಿಡುತ್ತೇನೆಂದು ತಾವೇ ಜೀಪು ಹತ್ತಿ ಕೆಳತುದಿಗೆ ಓಡಿಸಿದರು. ಜೀಪು ಅಚ್ಚಿನವರೆಗೆ ಹೂತುಹೋಯಿತು. ಮೊಣಕಾಲುದ್ದ ಕೆಸರಲ್ಲಿ ಇಳಿದು ಬಂದ ಯಜಮಾನರು ನೇರ ಮನೆಗೆ ಹೋದರು. ಅಂದಿನಿಂದ ಮಾವ ಸರಿಯಿದೆ ಎಂದರೆ ಸರಿ, ಬೇಡ ಎಂದರೆ ಬೇಡ. ನೆಲ ಚುಚ್ಚಿ ನೋಡಲು ಒಂದು ಕಬ್ಬಿಣದ ಸಲಾಕೆ ತರಿಸಿದ್ದರು. ಅದರ ಮೇಲೆ ನಾನು ಒರೆಸುವ ಬಟ್ಟೆ ಒಣಹಾಕುತ್ತಿದ್ದೆ.

ಮುಂದೆ ಅಲ್ಲೊಂದು ಹಾರಾಟದ ಶಾಲೆ ಶುರುವಾಯಿತು, ಕಲಿಸಲು ಮೇಷ್ಟ್ರು ಬಂದರು. ಎತ್ತರದ ಆಳು, ಕಡಿಮೆ ಮಾತು, ಆದರೆ ಆಡಿದರೆ ನಗದೆ ಇರಲು ಆಗುತ್ತಿರಲಿಲ್ಲ. ಮಾವನಿಗೆ 'ನೆಲದ ಡಾಕ್ಟರು' ಎಂದು ಹೆಸರಿಟ್ಟವರು ಅವರೇ. ಬೆಳಿಗ್ಗೆ ಮಾವ ಆಫೀಸಿನ ಬಾಗಿಲಿಗೆ ಬಂದ ಕೂಡಲೇ ಟೀ ಲೋಟ ಅವನ ಕೈಗಿಟ್ಟು ಕೇಳುತ್ತಿದ್ದರು.

"ಏನ್ ಡಾಕ್ಟ್ರೇ, ಪೇಷಂಟ್ ಹೇಗಿದೆ?"

"ಚೆನ್ನಾಗಿದೆ, ಹೊರಡಿ." ಇಲ್ಲವಾದರೆ, "ಸ್ವಲ್ಪ ಜ್ವರ ಇದೆ, ಹತ್ತು ಗಂಟೆ ತನಕ ಮಲಗಿರಲಿ."

ಅವನು ಹೇಳಿದ್ದನ್ನು ನಾನು ರಿಜಿಸ್ಟರಿನಲ್ಲಿ ಬರೆಯುತ್ತಿದ್ದೆ. 'ಪಟ್ಟಿ ಗಟ್ಟಿಯಿದೆ', ಅದರ ಮುಂದೆ ಗಂಟೆ. ಮೇಷ್ಟ್ರು ಸಹಿ ಹಾಕುತ್ತಿದ್ದರು. ಪೆಟ್ರೋಲಿನಲ್ಲಿ ನೀರು ಸೇರಿದೆಯೇ ಎಂದು ಗಾಜಿನ ಸೀಸೆಗೆ ಹಿಡಿದು ಎರಡೆರಡು ಸಲ ನೋಡುವ ಮನುಷ್ಯ, ಎಂಜಿನಿನ ಒಂದು ತಿರುಪನ್ನೂ ನಂಬದ ಮನುಷ್ಯ, ಮಾವನ ಮಾತಿಗೆ ಮಾತ್ರ ತಿರುಗಿ ಪ್ರಶ್ನೆ ಕೇಳಿದ್ದನ್ನು ನಾನು ಕಾಣೆ. ಹೀಗೆ ಇಪ್ಪತ್ತು ವರ್ಷ ನಡೆಯಿತು. ನಡುವೆ ಯಜಮಾನರು ತೀರಿಕೊಂಡರು. ಅವರ ಮಗಳು ಮೈದಾನವನ್ನು ಅಪ್ಪನ ನೆನಪಿಗೆಂದು ನಡೆಸಿಕೊಂಡು ಬಂದಳು.

ಈಗ ಹೇಳಬೇಕಾದದ್ದಕ್ಕೆ ಬರುತ್ತೇನೆ. ಒಂದು ಬೆಳಿಗ್ಗೆ ಮಾವ ನಡೆದು ಬಂದು, ಬೆಂಚಿನ ಮೇಲೆ ಕೂತು ಟೀ ಕುಡಿಯುತ್ತಿದ್ದ. ನೆಲ ನೋಡಿದರೆ ಬಾಗಿಲಿನಿಂದ ಬೆಂಚಿನವರೆಗೆ ಸಿಮೆಂಟಿನ ಮೇಲೆ ರಕ್ತದ ಹೆಜ್ಜೆ. ಬಲಗಾಲಿನ ಹಿಮ್ಮಡಿಯಲ್ಲಿ ಬೆರಳುದ್ದದ ಗಾಜು ಸಿಕ್ಕಿಕೊಂಡಿತ್ತು.

"ಮಾವ, ಕಾಲು ನೋಡ್ಕೋ."

ಅವನು ಕಾಲೆತ್ತಿ ನೋಡಿದ. ಬೇರೆ ಯಾರದೋ ಕಾಲು ತನ್ನ ಮೊಣಕಾಲಿನ ಮೇಲೆ ಬಂದು ಕೂತಿದೆಯೇನೋ ಎನ್ನುವ ಹಾಗೆ ನೋಡಿದ. ಆಮೇಲೆ ತಡಬಡಿಸಿ, "ಓ ಇದಾ? ಈಗ ತಾನೇ ಚುಚ್ಚಿದ್ದು, ಇಲ್ಲೇ ಬಾಗಿಲ ಹತ್ರ" ಎಂದ. ನಾನು ಹೊರಗೆ ಹೋಗಿ ನೋಡಿದೆ. ರಕ್ತದ ಗುರುತು ಶೆಡ್ಡಿನ ಬಾಗಿಲನ್ನೂ ದಾಟಿ ಹುಲ್ಲಿನವರೆಗೆ ಇತ್ತು. ಅಷ್ಟು ದೂರ ಆ ಗಾಜಿನ ಮೇಲೆ ಭಾರ ಹಾಕಿ ನಡೆದು ಬಂದಿದ್ದಾನೆ, ಅವನಿಗೆ ಗೊತ್ತೇ ಆಗಿಲ್ಲ. ಬಕೆಟ್ಟಿನಲ್ಲಿ ನೀರು ತಂದು, ಮೇಷ್ಟ್ರು ಬರುವಷ್ಟರಲ್ಲಿ ನೆಲ ಒರೆಸಿದೆ.

ಆ ಮೇಲೆ ಗಮನಿಸುತ್ತಾ ಹೋದೆ. ಕೆಳತುದಿಯಲ್ಲಿ ಅವನು ಮೊದಲಿನ ಹಾಗೆ ಹಿಮ್ಮಡಿ ಊರಿ ನಿಲ್ಲುತ್ತಿರಲಿಲ್ಲ. ಬಗ್ಗಿ, ಅಂಗೈಯಿಂದ ನೆಲ ಒತ್ತಿ ನೋಡುತ್ತಿದ್ದ. ಯಾರಾದರೂ ಇತ್ತ ತಿರುಗಿದರೆ ಕಲ್ಲು ಹೆಕ್ಕುವವನ ಹಾಗೆ ನಟಿಸುತ್ತಿದ್ದ. ಸಕ್ಕರೆ ಕಾಯಿಲೆ ಪಾದದ ಸ್ಪರ್ಶವನ್ನು ತಿಂದು ಹಾಕುತ್ತದೆ ಎಂದು ನನಗೆ ಗೊತ್ತಿಲ್ಲದ್ದೇನಲ್ಲ, ನನ್ನ ಅಪ್ಪ ಹೋದದ್ದೇ ಅದರಿಂದ. "ಒಂದ್ಸಲ ಆಸ್ಪತ್ರೆಗೆ ತೋರಿಸ್ಕೊಂಡು ಬರೋಣ ಮಾವ" ಎಂದೆ. "ನನಗೇನಾಗಿದೆ? ಗುಂಡು ಕಲ್ಲಿನ ಹಾಗಿದೀನಿ" ಎಂದ. ನಾನು ಅಲ್ಲಿಗೇ ಬಿಟ್ಟೆ.

ನನಗೆ ಬಾಯಿ ಜೋರು ಎಂದು ಮನೆಯಲ್ಲಿ, ಬೀದಿಯಲ್ಲಿ ಎಲ್ಲರೂ ಹೇಳುತ್ತಾರೆ. ಸುಳ್ಳಲ್ಲ. ಪೆಟ್ರೋಲಿನ ಲಾರಿಯವನು ಅರ್ಧ ಗಂಟೆ ತಡಮಾಡಿದರೆ ಅವನ ಜನ್ಮ ಜಾಲಾಡುತ್ತಿದ್ದೆ. ಆದರೆ ಮಾವನ ಮುಂದೆ ನಿಂತು "ನಿನ್ನ ಕಾಲು ಸತ್ತುಹೋಗಿದೆ, ಇನ್ನು ಆ ಸಲಾಕೆ ಹಿಡಿ" ಎನ್ನಲು ನಾಲಿಗೆ ಏಳಲಿಲ್ಲ. ಅವನಲ್ಲಿ ಇದ್ದದ್ದೇ ಆ ಒಂದು ವಿದ್ಯೆ. ಅದನ್ನು ನಾನು ಹೇಗೆ ಕಿತ್ತುಕೊಳ್ಳಲಿ? ಇವತ್ತು ಹೇಳೋಣ, ನಾಳೆ ಹೇಳೋಣ ಎನ್ನುತ್ತಾ ಆರು ತಿಂಗಳು ದೂಡಿದೆ. ದಿನಾ ಬೆಳಿಗ್ಗೆ 'ಪಟ್ಟಿ ಗಟ್ಟಿಯಿದೆ' ಎಂದು ಬರೆಯುವಾಗ ಅದು ಸುಳ್ಳಿರಬಹುದೆಂದು ಗೊತ್ತಿತ್ತು. ಆದರೂ ಬರೆದೆ.

ಆ ದಿನದ ಹಿಂದಿನ ಎರಡು ದಿನ ಮಳೆ ಸುರಿದಿತ್ತು. ಬೆಳಿಗ್ಗೆ ಚೆನ್ನಾಗಿ ಬಿಸಿಲು ಬಂತು. ಮಾವ ಎಂದಿಗಿಂತ ಹೆಚ್ಚು ಹೊತ್ತು ತೆಗೆದುಕೊಂಡ. ಕೆಳತುದಿಯಲ್ಲಿ ಕುಕ್ಕರಗಾಲಲ್ಲಿ ಕೂತಿದ್ದನ್ನು ಕಿಟಕಿಯಿಂದ ನೋಡಿದೆ. ಬಂದವನು ಟೀ ಲೋಟ ತೆಗೆದುಕೊಂಡು, ಮೇಷ್ಟ್ರು ಕೇಳುವ ಮೊದಲೇ "ಚೆನ್ನಾಗಿದೆ, ಹೊರಡಿ" ಎಂದ. ಮೇಷ್ಟ್ರು ಒಂದು ಕ್ಷಣ ಅವನನ್ನೇ ನೋಡಿದರು. ಆಮೇಲೆ ಸಹಿ ಹಾಕಿ, ಶಿಷ್ಯರಿಗೆ ಕಾಯಲು ಹೇಳಿ, ಒಬ್ಬರೇ ವಿಮಾನ ಹತ್ತಿ ಹೊರಟರು.

ಹತ್ತು ನಿಮಿಷದಲ್ಲಿ ಗಾಳಿ ದಿಕ್ಕು ಬದಲಿಸಿತು. ವಿಮಾನ ಇಳಿಯಬೇಕಾದದ್ದು ಗಾಳಿಗೆ ಎದುರಾಗಿ. ಅಂದರೆ ಈಗ ಮೇಲ್ತುದಿಯಿಂದ ಬಂದು ಕೆಳತುದಿಯ ಕಡೆಗೆ ಓಡಬೇಕು. "ಚೀಲ ಯಾವ ಕಡೆ?" ಎಂದು ರೇಡಿಯೋದಲ್ಲಿ ಕೇಳಿದರು. ಹೇಳಿದೆ. ಅವರು ಮೇಲೆ ಒಂದು ಸುತ್ತು ಹಾಕಿದರು. ನನಗೆ ಹೇಳಲು ಅದೇ ಕೊನೆಯ ಅವಕಾಶ. ರೇಡಿಯೋದ ಗುಂಡಿ ಒತ್ತಿ "ಮೇಷ್ಟ್ರೇ, ಕೆಳಗಡೆ ನಂಬಬೇಡಿ" ಎಂದಿದ್ದರೆ ಅಷ್ಟೇ ಸಾಕಿತ್ತು. ಪಕ್ಕದಲ್ಲೇ ಮಾವ ನಿಂತಿದ್ದ. ನಾನು ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಸುಮ್ಮನೆ ಕೂತೆ. "ಸರಿ, ಬರ್ತಾ ಇದೀನಿ" ಎಂದರು ಮೇಷ್ಟ್ರು.

ಇಳಿಯುವಾಗ ಗಾಳಿ ಒಮ್ಮೆಲೇ ಬಿದ್ದುಹೋಯಿತು. ವಿಮಾನ ತೇಲಿಕೊಂಡು ಅರ್ಧ ಪಟ್ಟಿ ದಾಟಿದ ಮೇಲೆ ಚಕ್ರ ನೆಲ ಮುಟ್ಟಿತು. ಒದ್ದೆ ಹುಲ್ಲಿನ ಮೇಲೆ ಬ್ರೇಕು ಹಿಡಿಯಲಿಲ್ಲ. ಹಳೆಯ ಗುಂಡಿಯ ಜಾಗಕ್ಕೆ ಬರುತ್ತಲೇ ಮುಂಚಕ್ರ ಹೂತು, ಬಾಲ ಮೇಲೆದ್ದು, ವಿಮಾನ ಅಂಗಾತ ಬಿತ್ತು. ಶಬ್ದವೇನೂ ದೊಡ್ಡದಲ್ಲ. ಮೊದಲು ಓಡಿದವನು ಮಾವ. ಅರವತ್ತು ವರ್ಷದ ಮನುಷ್ಯ ಹಾಗೆ ಓಡಿದ್ದನ್ನು ನಾನು ಕಂಡಿಲ್ಲ. ಕೆಸರಿನಲ್ಲಿ ಅವನ ಕಾಲು ಮೀನಖಂಡದವರೆಗೆ ಇಳಿಯುತ್ತಿತ್ತು. ಅವನು ಆಗ ಬಗ್ಗಿ ತನ್ನ ಕಾಲನ್ನು ನೋಡಿಕೊಂಡ.

ಮೇಷ್ಟ್ರ ಜೀವ ಉಳಿಯಿತು, ಬೆನ್ನುಮೂಳೆ ಉಳಿಯಲಿಲ್ಲ. ಮೂರು ತಿಂಗಳು ಆಸ್ಪತ್ರೆ. ಸೊಂಟದಿಂದ ಕೆಳಗೆ ಏನೂ ಇಲ್ಲ ಎಂದು ವೈದ್ಯರು ಕೈಚೆಲ್ಲಿದರು. ಮಾವ ದಿನಾ ಹೋಗಿ ವಾರ್ಡಿನ ಹೊರಗಿನ ಬೆಂಚಿನಲ್ಲಿ ಕೂತು ಬರುತ್ತಿದ್ದ. ಒಳಗೆ ಕಾಲಿಡುತ್ತಿರಲಿಲ್ಲ.

ವಿಚಾರಣೆಗೆ ಇಬ್ಬರು ಅಧಿಕಾರಿಗಳು ಬಂದರು. ಅಳತೆ ಪಟ್ಟಿ ಹಿಡಿದರು, ಫೋಟೋ ತೆಗೆದರು, ನನ್ನ ರಿಜಿಸ್ಟರನ್ನು ತಿರುವಿ ಹಾಕಿದರು. ಮಾವ ಹೊಸ ಅಂಗಿ ಹಾಕಿಕೊಂಡು ಬಂದಿದ್ದ. ಎಲ್ಲ ಹೇಳಿಬಿಡುತ್ತೇನೆ ಎಂದು ಅತ್ತೆಗೆ ಹೇಳಿ ಬಂದಿದ್ದನಂತೆ. ಆದರೆ ಅವರು ಕೇಳಿದ್ದು ಎರಡೇ ಪ್ರಶ್ನೆ. ಬೆಳಿಗ್ಗೆ ಪಟ್ಟಿ ನಡೆದಿರಾ? ಎಷ್ಟು ಗಂಟೆಗೆ? "ಸ್ವಾಮಿ, ನನ್ನ ಕಾಲು..." ಎಂದು ಮಾವ ಶುರುಮಾಡಿದ. ಅಧಿಕಾರಿ ಕೈಯೆತ್ತಿ ತಡೆದರು. "ನೀವು ಗಾಬರಿಯಾಗ್ಬೇಡಿ. ನಿಮ್ಮ ಮೇಲೇನೂ ಇಲ್ಲ. ತಡವಾಗಿ ಇಳಿಸಿದ್ದು ತನ್ನದೇ ತಪ್ಪು, ಮತ್ತೆ ಮೇಲೆ ಏಳಬೇಕಿತ್ತು ಅಂತ ನಿಮ್ಮ ಮೇಷ್ಟ್ರೇ ಬರೆದುಕೊಟ್ಟಿದಾರೆ." ವರದಿಯಲ್ಲೂ ಅದೇ ಬಂತು. ಯಜಮಾನರ ಮಗಳು ನಿಟ್ಟುಸಿರು ಬಿಟ್ಟಳು. ಆದರೂ ಶಿಷ್ಯರು ಒಬ್ಬೊಬ್ಬರೇ ಜಾಗ ಖಾಲಿ ಮಾಡಿದರು. ವರ್ಷ ತುಂಬುವ ಮೊದಲೇ ಮೈದಾನಕ್ಕೆ ಬೀಗ ಬಿತ್ತು. ಉಳಿದೆರಡು ವಿಮಾನವನ್ನು ರೆಕ್ಕೆ ಬಿಚ್ಚಿ ಲಾರಿಯಲ್ಲಿ ಸಾಗಿಸಿದರು. ಪಟ್ಟಿಯ ಮೇಲೆ ಮತ್ತೆ ಇಟ್ಟಿಗೆ ಒಣಹಾಕತೊಡಗಿದರು.

ಮಾವ ಆಸ್ಪತ್ರೆಗೆ ತೋರಿಸಿಕೊಂಡದ್ದು ಅದಾದ ಮೇಲೆ. ಆಗಲೇ ತಡವಾಗಿ, ಬಲಗಾಲಿನ ಎರಡು ಬೆರಳು ತೆಗೆದರು. ಗಾಯ ಮಾಯ್ದ ಮೇಲೆ ಒಂದು ದಿನ, "ಮೇಷ್ಟ್ರ ಮನೆಗೆ ಕರ್ಕೊಂಡು ಹೋಗ್ತೀಯಾ? ಒಬ್ಬನೇ ಹೋದ್ರೆ ಬಾಗಿಲ ತನಕ ಹೋಗಿ ವಾಪಸ್ ಬಂದ್ಬಿಡ್ತೀನಿ" ಎಂದ. ಹೋದೆವು. ಇಕ್ಕಟ್ಟಾದ ಬೀದಿ, ನೆಲಮಹಡಿಯ ಮನೆ. ಕಿಟಕಿಯ ಪಕ್ಕದ ಮಂಚದಲ್ಲಿ ಮೇಷ್ಟ್ರು ಒರಗಿ ಕೂತಿದ್ದರು. ಅಷ್ಟೆತ್ತರದ ಆಳು ಒಂದು ಹಿಡಿಯಾಗಿದ್ದರು. ಅವರ ಹೆಂಡತಿ ಟೀ ಕೊಟ್ಟು, ನಮ್ಮ ಮುಖ ನೋಡಿ, ಬಟ್ಟೆ ಒಗೆಯುವ ನೆಪ ಹೇಳಿ ಒಳಗೆ ಹೋದರು.

ಮಾವ ಕೂರಲಿಲ್ಲ. ನಿಂತೇ ಹೇಳಿದ. "ಮೇಷ್ಟ್ರೇ, ಆವತ್ತು ನನಗೆ ನೆಲ ಗೊತ್ತಾಗಲಿಲ್ಲ. ಅದಕ್ಕೂ ಮುಂಚೆ ಎಷ್ಟೋ ದಿನದಿಂದ ಗೊತ್ತಾಗ್ತಾ ಇರಲಿಲ್ಲ. ಕಾಲಲ್ಲಿ ಜೀವ ಇರಲಿಲ್ಲ. ಸುಳ್ಳು ಹೇಳಿದೆ."

ಮೇಷ್ಟ್ರು ಲೋಟವನ್ನು ಕಿಟಕಿಯ ಮೇಲಿಟ್ಟರು. "ಕೂತ್ಕೊಳ್ಳಿ ಡಾಕ್ಟ್ರೇ. ಅದು ನನಗೆ ಗೊತ್ತಿತ್ತು."

ಮಾವ ಕೂತ. ಕೂತನೆಂದರೆ ಕುಸಿದ.

"ನೀವು ಕೈಯಲ್ಲಿ ನೆಲ ಮುಟ್ಟಿ ನೋಡೋದನ್ನ ಶೆಡ್ಡಿನ ಮರೆಯಿಂದ ಒಂದ್ಸಲ ನೋಡಿದ್ದೆ. ಆಮೇಲೆ ನಾನು ಕೆಳಗಡೆ ಇಳಿಸೋದೇ ಬಿಟ್ಟೆ. ಮೇಲಿನ ನಾನೂರು ಮೀಟರಲ್ಲೇ ಮುಗಿಸ್ತಿದ್ದೆ, ಹುಡುಗರಿಗೂ ಹಾಗೇ ಕಲಿಸ್ದೆ. ಮಳೆ ಬಂದ ದಿನ ಮೊದಲ ಸುತ್ತು ನಾನೊಬ್ಬನೇ ಹೋಗ್ತಿದ್ದೆ. ಆವತ್ತು ಗಾಳಿ ತಿರುಗ್ತು, ಅಷ್ಟೇ."

"ಗೊತ್ತಿದ್ದೂ ಯಾಕೆ ಹೇಳಲಿಲ್ಲ?" ಮಾವನ ದನಿ ನನಗೇ ಸರಿಯಾಗಿ ಕೇಳಲಿಲ್ಲ.

ಮೇಷ್ಟ್ರು ಕಿಟಕಿಯ ಕಡೆ ತಿರುಗಿದರು. "ಇಪ್ಪತ್ತು ವರ್ಷ ನಿಮ್ಮನ್ನ ಒಂದು ಪ್ರಶ್ನೆ ಕೇಳಿರಲಿಲ್ಲ. ಹೇಗೆ ಕೇಳೋದು ಅಂತಾನೇ ತಿಳೀಲಿಲ್ಲ. ದಾಕ್ಷಿಣ್ಯ ಅಂತ ಇಟ್ಕೊಳ್ಳಿ. ನಾಳೆ ನೀವೇ ಹೇಳ್ತೀರಿ, ನಾಳೆ ಹೇಳ್ತೀರಿ ಅಂದ್ಕೊಂಡೆ."

ಮಾವ ಮಂಚದ ತುದಿಗೆ ಸರಿದು, ಹೊದಿಕೆಯಾಚೆ ಚಾಚಿದ್ದ ಮೇಷ್ಟ್ರ ಪಾದದ ಮೇಲೆ ಕೈಯಿಟ್ಟ. ಮೇಷ್ಟ್ರಿಗೆ ಅದು ತಿಳಿಯಲಿಲ್ಲ, ಅವರು ಕಿಟಕಿಯನ್ನೇ ನೋಡುತ್ತಿದ್ದರು. ನನಗೆ ದುಃಖ ಉಕ್ಕಿ ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಒಬ್ಬರಿಗೊಬ್ಬರು ನೋವಾಗಬಾರದೆಂದು ಈ ಇಬ್ಬರು ಸೇರಿ ಒಂದು ಬೆನ್ನನ್ನು ಮುರಿದರಲ್ಲ ಎಂದು. ಇಬ್ಬರಲ್ಲ, ಮೂವರು. ಎಣಿಸುವಾಗ ನನ್ನನ್ನು ಬಿಟ್ಟುಬಿಡುವುದು ನನಗೆ ಅಷ್ಟು ಅಭ್ಯಾಸವಾಗಿತ್ತು.

ವಾಪಸ್ ಬರುವಾಗ ಬಸ್ ಸ್ಟಾಪಿನ ಕಲ್ಲುಬೆಂಚಿನಲ್ಲಿ ಮಾವ ಹೆಗಲ ವಲ್ಲಿಯಿಂದ ಮುಖ ಒರೆಸಿಕೊಂಡ. ಆಮೇಲೆ ನನ್ನ ಕಡೆ ತಿರುಗದೆ ಕೇಳಿದ.

"ನಿನಗೂ ಗೊತ್ತಿತ್ತಾ?"

ಹೂಂ ಎನ್ನುವ ಒಂದೇ ಒಂದು ಮಾತು ಸಾಕಿತ್ತು. ಮೇಷ್ಟ್ರ ಮಂಚದ ಪಕ್ಕದಿಂದ ಎದ್ದು ಬಂದು ಇನ್ನೂ ಅರ್ಧ ಗಂಟೆಯಾಗಿರಲಿಲ್ಲ. ಸುಮ್ಮನಿದ್ದುದರ ಫಲವನ್ನು ಕಣ್ಣಾರೆ ಕಂಡು ಬಂದಿದ್ದೆ. ಆದರೆ ಅವನ ಮುಖ ನೋಡಿದೆ.

"ಇಲ್ಲ ಮಾವ. ನನಗೆಲ್ಲಿಂದ ಗೊತ್ತಾಗಬೇಕು?" ಎಂದೆ.

"ಸದ್ಯ" ಎಂದ ಮಾವ. "ನೀನಾದರೂ ಹೊರಗುಳಿದೆ. ಅವರ ರೇಡಿಯೋ ನಿನ್ನ ಕೈಲಿತ್ತು. ನಿನಗೆ ಗೊತ್ತಿದ್ದೂ ಸುಮ್ಮನಿದ್ದೆ ಅಂದಿದ್ರೆ ನಾನು ತಡ್ಕೊಳ್ತಿರಲಿಲ್ಲ ಕಣೇ."

ಬಸ್ಸು ಬಂತು. ಅವನ ತೋಳು ಹಿಡಿದು ಹತ್ತಿಸಿದೆ. ಮೆಟ್ಟಿಲು ಎಲ್ಲಿದೆಯೆಂದು ಅವನ ಕಾಲಿಗೆ ತಿಳಿಯುತ್ತಿರಲಿಲ್ಲ. "ಇಲ್ಲೊಂದು ಮೆಟ್ಟಿಲು ಮಾವ, ಇನ್ನೊಂದಿದೆ, ಇನ್ನೊಂದು" ಎಂದು ಹೇಳುತ್ತಾ ಹೋದೆ. ಅವನು ನಾನು ಹೇಳಿದ ಕಡೆಯೆಲ್ಲ ಕಾಲಿಟ್ಟ.